ಎಡಗೈಯ ಸುಟ್ಟ ಕಲೆ

ನನಗೆ ಮುಖಗಳು ನೆನಪಿರುವುದಿಲ್ಲ, ನರಗಳು ನೆನಪಿರುತ್ತವೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ‘ಚೆನ್ನಾಗಿದ್ದೀರಾ ಮೇಡಮ್’ ಎಂದು ನಕ್ಕರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಮೊಣಕೈಯ ಒಳಬದಿಗೆ. ಉದ್ದ ತೋಳಿನ ಅಂಗಿ ಹಾಕಿದ್ದರೆ ಮುಗಿಯಿತು, ಯಾರೆಂದು ತಿಳಿಯದೆ ಸುಮ್ಮನೆ ನಕ್ಕು ಬಸ್ಸು ಹತ್ತುತ್ತೇನೆ. ರಕ್ತ ತೆಗೆದೂ ತೆಗೆದೂ ಅಂಟಿಕೊಂಡ ಚಾಳಿ. ಇದರ ಬಗ್ಗೆ ನನಗೆ ಜಂಬವೂ ಇತ್ತು. ಆ ಜಂಬ ಮುರಿದ ಸಂಗತಿಯನ್ನು ಬರೆಯುತ್ತಿದ್ದೇನೆ. ಮುರಿದದ್ದು ಜಂಬವೊಂದೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ.

ನಮ್ಮದು ಸಣ್ಣ ಆಸ್ಪತ್ರೆ. ಹೆಸರು ಬೇಡ. ಲ್ಯಾಬಿಗೆ ಇರುವುದು ಒಂದು ಕೋಣೆ, ಕಣಗಳನ್ನು ಎಣಿಸುವ ಒಂದು ಯಂತ್ರ, ಒಂದು ಸೂಕ್ಷ್ಮದರ್ಶಕ, ನಾನು. ವಾರಕ್ಕೊಂದು ದಿನ ಬಸುರಿಯರ ತಪಾಸಣೆ. ಅಂಥ ಒಂದು ದಿನ ಆ ಹುಡುಗಿ ಬಂದಳು. ಯಳಂದೂರು ತಾಲೂಕಿನ ಹೊನ್ನೂರಿನವಳು, ಇಪ್ಪತ್ತೊಂದು ವಯಸ್ಸು, ಮೊದಲ ಬಸಿರು, ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಮುಳ್ಳೂರಿನ ಕಡೆಗೆ ಕೊಟ್ಟಿದ್ದರು. ಕೊಟ್ಟದ್ದು ಬೇರೆ ಯಾರಿಗೂ ಅಲ್ಲ, ಅವಳ ತಾಯಿಯ ತಮ್ಮನಿಗೇ. ಮದುವೆಯಾದ ಮೇಲೂ ಗಂಡನನ್ನು ‘ಮಾವ’ ಎಂದೇ ಕರೆಯುತ್ತಿದ್ದಳು. ಅವನು ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದ.

“ಅಕ್ಕ, ಈ ಕಬ್ಬಿಣದ ಮಾತ್ರೆ ತಿಂದೂ ತಿಂದೂ ನಾಲ್ಗೆನೇ ಕಬ್ಬಿಣ ಆಗೋಗದೆ. ಇಸ್ಕೂಲಿಂದ ತಿಂತಾವ್ನಿ. ಇನ್ನೂ ಎಷ್ಟ್ ತಿನ್ಬೇಕು?” ಎಂದಳು ಕೈ ಚಾಚುತ್ತ.

“ಡಾಕ್ಟ್ರು ಹೇಳೋಷ್ಟು. ಮುಷ್ಟಿ ಬಿಗಿ ಹಿಡಿ,” ಎಂದೆ. ನನ್ನ ಬಾಯಿ ಮೊದಲಿಂದಲೂ ಸ್ವಲ್ಪ ಜೋರು.

ಅವಳದು ತೆಳುವಾದ, ಜಾರುವ ನರ. ಬೆರಳಿನಿಂದ ಒತ್ತಿ ಹಿಡಿದು ಸೂಜಿ ಹಾಕಬೇಕು. ರಕ್ತವನ್ನು ಯಂತ್ರಕ್ಕೆ ಕೊಟ್ಟೆ. ಚೀಟಿ ಹೊರಬಂದಾಗ ನನಗೆ ಕಿವಿ ನೆಟ್ಟಗಾಯಿತು. ಹಿಮೋಗ್ಲೋಬಿನ್ ಕಡಿಮೆ, ಅದು ಬಸುರಿಯರಲ್ಲಿ ದಿನಾ ನೋಡುವ ಸಂಗತಿ. ಆದರೆ ಕೆಂಪು ಕಣಗಳ ಸಂಖ್ಯೆ ಕಡಿಮೆಯಿರಲಿಲ್ಲ, ಹೆಚ್ಚೇ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಕ್ತದ ಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಕೆಂಪು ಕಣ ಅಲ್ಲಿ ಬೆಳೆದು, ಹಿಮೋಗ್ಲೋಬಿನ್ ತುಂಬಿಕೊಂಡು, ತನ್ನ ನಡುವಿನ ಬೀಜವನ್ನು ಹೊರಗೆ ಹಾಕಿ ಆಮೇಲೆ ರಕ್ತಕ್ಕೆ ಇಳಿಯುತ್ತದೆ. ನಾಲ್ಕು ತಿಂಗಳು ದುಡಿದು ಸಾಯುತ್ತದೆ. ತಿನ್ನುವ ಅನ್ನದಲ್ಲಿ ಕಬ್ಬಿಣ ಸಾಲದೆ ಹೋದರೆ ಕಣಗಳು ಚಿಕ್ಕವಾಗುತ್ತವೆ, ಎಣಿಕೆಯಲ್ಲೂ ಇಳಿಯುತ್ತವೆ. ಇವಳ ಕಣಗಳು ತೀರಾ ಚಿಕ್ಕವು, ಬಿಳಿಚಿಕೊಂಡವು, ಆದರೆ ಒಂದೊಂದು ಹನಿಯಲ್ಲೂ ಕಿಕ್ಕಿರಿದಿದ್ದವು. ಸ್ಲೈಡಿಗೆ ಬಣ್ಣ ಹಾಕಿ ನೋಡಿದೆ. ನಡುವೆ ಬೊಟ್ಟಿಟ್ಟ ಹಾಗೆ ಕಾಣುವ ಕಣಗಳು ಅಲ್ಲಲ್ಲಿ ಇದ್ದವು. ಕಬ್ಬಿಣದ ಕೊರತೆಯಲ್ಲ ಇದು, ಹಿಮೋಗ್ಲೋಬಿನ್ ಕಟ್ಟುವ ಜೀನಿನಲ್ಲೇ ಐಬಿದೆ ಎಂದು ಅನ್ನಿಸಿತು.

ಸ್ಲೈಡ್ ಹಿಡಿದುಕೊಂಡು ನಮ್ಮ ಡಾಕ್ಟರಮ್ಮನ ಬಳಿ ಓಡಿದೆ. ಅವರು ಮೈಸೂರಿಗೆ ರಕ್ತ ಕಳಿಸಲು ಹೇಳಿದರು. ಐದನೆಯ ದಿನ ವರದಿ ಬಂತು. ಹುಡುಗಿ ಥಲಸ್ಸೇಮಿಯಾದ ವಾಹಕಿ. ಅಂದರೆ ಎರಡು ಜೀನುಗಳಲ್ಲಿ ಒಂದು ಕೆಟ್ಟಿದೆ, ಒಂದು ಚೆನ್ನಾಗಿದೆ. ಅವಳಿಗೆ ಏನೂ ಆಗುವುದಿಲ್ಲ, ಸ್ವಲ್ಪ ಬಿಳಿಚಿಕೊಂಡಿರುತ್ತಾಳೆ, ಅಷ್ಟೆ. ಗಂಡನ ಜೀನುಗಳು ಸರಿಯಿದ್ದರೆ ಮಗುವಿಗೂ ಭಯವಿಲ್ಲ. ಗಂಡನೂ ವಾಹಕನಾಗಿದ್ದರೆ ಮಾತ್ರ ನಾಲ್ಕರಲ್ಲಿ ಒಂದು ಮಗು ಎರಡೂ ಕೆಟ್ಟ ಜೀನುಗಳನ್ನು ಹೊತ್ತು ಹುಟ್ಟುತ್ತದೆ. ಅಂಥ ಮಗು ಬೇರೆಯವರ ರಕ್ತದಲ್ಲಿ ಬದುಕಬೇಕು.

ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದರು. ಸೋದರಮಾವನನ್ನು ಮದುವೆಯಾಗಿದ್ದರಿಂದ, ಅಜ್ಜಿಯ ಮನೆಯ ಅದೇ ಜೀನು ಎರಡೂ ಕಡೆಯಿಂದ ಬರಬಹುದು ಎಂದೂ ಹೇಳಿದರು. ‘ಇಬ್ಬರಲ್ಲೂ ಇದ್ದರೆ ಬೆಂಗಳೂರಿಗೆ ಹೋಗಿ ಹೊಟ್ಟೆಯೊಳಗಿನ ಮಗುವಿಗೇ ಪರೀಕ್ಷೆ ಮಾಡಿಸಬಹುದು, ಆಮೇಲೆ ಏನು ಮಾಡಬೇಕು ಅನ್ನೋದು ನಿನ್ನ ತೀರ್ಮಾನ. ಆದರೆ ತಡ ಮಾಡಬಾರದು, ಗಂಡನನ್ನು ಕಳಿಸು’ ಎಂದರು. ಹುಡುಗಿ ತಲೆಯಾಡಿಸಿದಳು. ಬಾಗಿಲ ಬಳಿ ನನ್ನನ್ನು ನಿಲ್ಲಿಸಿ, “ಮಾವನ್ನ ಕಳುಸ್ತೀನಿ ಅಕ್ಕ. ಸೂಜಿ ಅಂದ್ರೆ ಎದುರ್ಕತದೆ, ನೀವೇ ತಕಳಿ,” ಎಂದಳು.

ಮುಂದಿನ ವಾರ ಗಂಡಸೊಬ್ಬ ಡಾಕ್ಟರಮ್ಮ ಬರೆದ ಚೀಟಿ ಹಿಡಿದು ಬಂದ. ಅವತ್ತೂ ಬಸುರಿಯರ ದಿನ, ಬೆಂಚಿನಲ್ಲಿ ಜಾಗವಿರಲಿಲ್ಲ, ಒಂದು ಮಗು ನನ್ನ ಹತ್ತಿಯ ಡಬ್ಬಿ ಚೆಲ್ಲಿತ್ತು. ನಮ್ಮ ಕೆಲಸದಲ್ಲಿ ಮೊದಲ ದಿನವೇ ಕಲಿಸುವ ಪಾಠವೊಂದಿದೆ. ಬಂದವರ ಹೆಸರನ್ನು ಅವರ ಬಾಯಿಂದಲೇ ಹೇಳಿಸಬೇಕು. ನಾವೇ ಹೆಸರು ಓದಿ ‘ಹೌದಾ’ ಎಂದು ಕೇಳಬಾರದು, ಏಕೆಂದರೆ ಆಸ್ಪತ್ರೆಯಲ್ಲಿ ಜನ ಎಲ್ಲದಕ್ಕೂ ಹೂಂ ಎನ್ನುತ್ತಾರೆ. ನಾನು ಅವತ್ತು ಚೀಟಿಯಲ್ಲಿದ್ದ ಹೆಸರನ್ನು ನಾನೇ ಓದಿದೆ.

“ಇವರೇ ತಾನೆ?”

“ಊಂ ಕಣಕ್ಕ.”

ಎಡಗೈ ಚಾಚಿದ. ಮೊಣಕೈಯ ಒಳಬದಿಯಲ್ಲಿ ಅಂಗೈಯಗಲದ ಸುಟ್ಟ ಕಲೆ, ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ನರ ಸಿಗುವ ಹಾಗಿರಲಿಲ್ಲ. ಏನಿದು ಎಂದೆ. “ಪಾಕ ಚೆಲ್ಕತು,” ಎಂದ. ಅವನ ಅಂಗಿಯಿಂದ ಬೆಲ್ಲದ ವಾಸನೆ ಬರುತ್ತಿತ್ತು. ಕಬ್ಬಿನ ಸೀಮೆಯಲ್ಲಿ ಯಾರ ಮೈಯಿಂದ ಆ ವಾಸನೆ ಬರುವುದಿಲ್ಲ? ಬಲಗೈಯಿಂದ ತೆಗೆದೆ. ನೇರಳೆ ಮುಚ್ಚಳದ ಟ್ಯೂಬಿನ ಮೇಲೆ ಹೆಸರು, ನಂಬರು ಬರೆದೆ. ರಿಜಿಸ್ಟರಿನ ಕೊನೆಯ ಕಾಲಮ್ಮಿನಲ್ಲಿ ‘ಎಡಗೈ ಒಳಗೆ ಸುಟ್ಟ ಕಲೆ, ಬಲಗೈ’ ಎಂದು ಗುರುತು ಹಾಕಿದೆ. ಮುಂದಿನ ಸಲ ಬಂದಾಗ ತಡಕಾಡುವುದು ಬೇಡವೆಂದು ಹೀಗೆ ಬರೆದಿಡುವುದು ನನ್ನದೇ ಅಭ್ಯಾಸ, ಯಾರೂ ಹೇಳಿಕೊಟ್ಟದ್ದಲ್ಲ.

ಮೈಸೂರಿನಿಂದ ವರದಿ ಬಂತು. ಗಂಡ ನಾರ್ಮಲ್. ಕಣಗಳ ಗಾತ್ರ ಸರಿ, ಹಿಮೋಗ್ಲೋಬಿನ್ನಿನ ಪಾಲುಗಳೂ ಸರಿ. ನಾನೇ ಹುಡುಗಿಗೆ ಫೋನು ಮಾಡಿದೆ. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿತು. “ನಿಮ್ ಬಾಯಿಗೆ ಸಕ್ರೆ ಆಕ,” ಎಂದಳು. ಸಕ್ಕರೆಯ ಬದಲು ಏಳನೆಯ ತಿಂಗಳ ತಪಾಸಣೆಗೆ ಬಂದಾಗ ಒಂದು ದೊಡ್ಡ ಅಚ್ಚು ಬೆಲ್ಲ ತಂದುಕೊಟ್ಟಳು. “ನಮ್ ಚಿಕ್ಮಾವ ಅನೂರು ರೋಡಲ್ಲಿ ಆಲೆಮನೇಲಿ ಪಾಕ ಕಾಯ್ಸೋದು. ನಿಮ್ಗೆ ಅಂತ್ಲೇ ಎತ್ತಿಟ್ಟಿದ್ದ,” ಎಂದಳು. ಚಿಕ್ಕಮಾವ ಎಂದರೆ ಗಂಡನ ತಮ್ಮ, ಅವಳ ತಾಯಿಯ ಕೊನೆಯ ತಮ್ಮ. ಆ ಬೆಲ್ಲದಲ್ಲಿ ಪಾಯಸ ಮಾಡಿ ಉಂಡೆವು. ನಿಜ ಸಂಗತಿ ಎರಡು ಸಲ ಕಣ್ಣ ಮುಂದೆಯೇ ಬಂದು ಹೋಗಿತ್ತು, ನನಗೆ ಕಾಣಲಿಲ್ಲ.

ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಕೆಂಪಗೆ, ಗುಂಡುಗುಂಡಗೆ ಇತ್ತು. ಅದು ಹಾಗೆಯೇ. ತಾಯಿಯ ಹೊಟ್ಟೆಯಲ್ಲಿರುವಾಗ ಮಗುವಿನದು ಬೇರೆ ಬಗೆಯ ಹಿಮೋಗ್ಲೋಬಿನ್, ಅದನ್ನು ಕಟ್ಟುವ ಜೀನು ಬೇರೆ. ಹುಟ್ಟಿದ ಮೇಲೆ ಅದು ತಿಂಗಳು ತಿಂಗಳಿಗೆ ಇಳಿದು, ದೊಡ್ಡವರ ಹಿಮೋಗ್ಲೋಬಿನ್ ಅದರ ಜಾಗಕ್ಕೆ ಬರಬೇಕು. ಅದು ಬಾರದ ಮಗು ಬಿಳಿಚಿಕೊಳ್ಳಲು ಆರು ತಿಂಗಳಾದರೂ ಬೇಕು.

ಏಳನೆಯ ತಿಂಗಳಿನಲ್ಲಿ ಅವಳು ಮಗುವನ್ನು ಎತ್ತಿಕೊಂಡು ಬಂದಳು. ಹಲ್ಲು ಬರುವುದಕ್ಕೆ ಹೀಗೆ ಎಂದು ಒಬ್ಬರು, ದೃಷ್ಟಿಯೆಂದು ಇನ್ನೊಬ್ಬರು ಹೇಳಿ ಒಂದು ತಿಂಗಳು ಕಳೆದಿತ್ತು. ಮಗುವಿನ ಅಂಗೈ ಕಾಗದದ ಹಾಗೆ ಬೆಳ್ಳಗಿತ್ತು. ಹೊಟ್ಟೆ ಎಡಗಡೆ ಉಬ್ಬಿತ್ತು. ಹಾಲು ಕುಡಿಯುವಾಗ ಏದುಸಿರು ಬಿಡುತ್ತಿತ್ತು. “ಅಕ್ಕ, ಪುಟ್ಟಿ ನಗೋದೇ ಬುಟ್ಬುಟ್ಟವ್ಳೆ,” ಎಂದಳು.

ಡಾಕ್ಟರಮ್ಮ ತಕ್ಷಣ ರಕ್ತ ಏರಿಸಬೇಕೆಂದರು. ನಾನು ಅಡ್ಡ ನಿಂತೆ. ಬೇರೆಯವರ ರಕ್ತ ಒಳಗೆ ಹೋದ ಮೇಲೆ ಮಗುವಿನ ಸ್ವಂತ ರಕ್ತದ ಪರೀಕ್ಷೆ ಕೆಡುತ್ತದೆ, ಮೊದಲು ಮಾದರಿ ತೆಗೆದಿಡಬೇಕು. ಒಣಗಿದ ಆ ಕೈಯಲ್ಲಿ ನರ ಎಲ್ಲಿದೆ? ಮಣಿಕಟ್ಟಿನ ಮೇಲೆ ಕೂದಲೆಳೆಯಂಥದ್ದೊಂದು ಕಂಡಿತು. ಬಿಸಿನೀರಿನ ಬಟ್ಟೆ ಇಟ್ಟು, ಉಸಿರು ಹಿಡಿದು, ಒಂದೇ ಸಲಕ್ಕೆ ಹಾಕಿದೆ. ಮಗು ಅಳಲಿಲ್ಲ, ಅಳುವಷ್ಟು ತ್ರಾಣವಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿತ್ತು.

ಸ್ಲೈಡ್ ನೋಡಲು ಕೂತವಳು ಎರಡು ನಿಮಿಷದಲ್ಲಿ ಎದ್ದುಬಿಟ್ಟೆ. ಬೀಜ ಕಳೆದುಕೊಳ್ಳದ ಎಳೆಯ ಕಣಗಳು ತುಂಬಿಕೊಂಡಿದ್ದವು. ಮಜ್ಜೆ ಹಗಲೂ ಇರುಳೂ ದುಡಿಯುತ್ತಿದೆ, ಕಣ ಹುಟ್ಟುತ್ತಲೇ ಸಾಯುತ್ತಿದೆ, ಸಾಲದೆ ಬಂದು ಅರೆಬೆಂದ ಕಣಗಳನ್ನೇ ಹೊರಗೆ ತಳ್ಳುತ್ತಿದೆ. ಪುಸ್ತಕದಲ್ಲಿ ನೋಡಿದ್ದ ಚಿತ್ರವದು. ಆದರೆ ಹಾಗಾಗುವಂತಿರಲಿಲ್ಲ. ಅಪ್ಪನ ವರದಿ ನಾರ್ಮಲ್ ಎಂದು ನಾನೇ ಫೋನು ಮಾಡಿ ಹೇಳಿದ್ದೆ.

ಮೈಸೂರಿನ ವರದಿಯಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಮಗುವಿನ ಎರಡು ಜೀನುಗಳೂ ಕೆಟ್ಟಿದ್ದವು. ಡಾಕ್ಟರಮ್ಮ ಮೂರು ವರದಿಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಟ್ಯೂಬ್ ಅದಲುಬದಲಾಗಿರಬಹುದಾ?” ಎಂದರು.

“ನನ್ನ ಕೈಯಲ್ಲಿ ಆಗಲ್ಲ ಮೇಡಮ್,” ಎಂದೆ. ಆದರೂ ಅವತ್ತಿನ ಪಟ್ಟಿ ತೆಗೆದು, ನನ್ನ ನಂಬರು, ಮೈಸೂರಿನ ನಂಬರು, ಹಿಂದಿನ ಮುಂದಿನ ಟ್ಯೂಬುಗಳು ಎಲ್ಲವನ್ನೂ ತಾಳೆ ನೋಡಿದೆ. ಎಲ್ಲ ಸರಿಯಾಗಿತ್ತು. ಅವತ್ತು ಮೈಸೂರಿಗೆ ಕಳಿಸಿದ್ದು ಅದೊಂದೇ ಟ್ಯೂಬು. ಅದಲುಬದಲಾಗುವ ಮಾತೇ ಇರಲಿಲ್ಲ.

ಇಬ್ಬರೂ ಒಂದೇ ಮಾತನ್ನು ನುಂಗಿಕೊಂಡೆವು. ವರದಿಗಳನ್ನು ಫೈಲಿಗೆ ಸೇರಿಸುತ್ತ ಅವರು, “ಚಿಕಿತ್ಸೆ ಯಾವುದೇ ಆದ್ರೂ ಒಂದೇ. ಕೆದಕೋದು ಬೇಡ, ಒಂದು ಮನೆ ಒಡೆಯುತ್ತೆ,” ಎಂದರು. ಅವರು ಒಳ್ಳೆಯದಕ್ಕೇ ಹೇಳಿದರು. ಆದರೆ ಆ ಮಾತಿನೊಳಗೆ ತೀರ್ಪು ಆಗಿಹೋಗಿತ್ತು. ನಾನೂ ಆ ತೀರ್ಪಿಗೆ ಹೆಬ್ಬೆಟ್ಟು ಒತ್ತಿದ್ದೆ. ಹಿಂದೊಮ್ಮೆ ಬಸ್ಸು ಕೆಟ್ಟು ಮನೆಗೆ ತಡವಾಗಿ ಹೋದಾಗ ನನ್ನತ್ತೆ ಆಡಿದ ಒಂದು ಮಾತಿಗೆ ಎರಡು ದಿನ ಊಟ ಬಿಟ್ಟವಳು ನಾನು. ಅಂಥವಳು ನನ್ನ ಕೈ ತಪ್ಪಿರಬಹುದು ಎಂದುಕೊಳ್ಳುವ ಬದಲು ಆ ಹುಡುಗಿಯ ನಡತೆ ತಪ್ಪಿರಬಹುದು ಎಂದುಕೊಂಡೆ. ಎಷ್ಟು ಸಲೀಸಾಗಿ ಅಂದುಕೊಂಡೆ ಎಂಬುದು ಇವತ್ತಿಗೂ ನಾಚಿಕೆ ತರಿಸುತ್ತದೆ.

ಎರಡನೆಯ ಸಲ ರಕ್ತ ಏರಿಸಲು ಬಂದಾಗ ಅವಳೊಂದಿಗೆ ನಾನು ನೆಟ್ಟಗೆ ಮಾತಾಡಲಿಲ್ಲ. ರಕ್ತ ಹನಿಹನಿಯಾಗಿ ಇಳಿಯುತ್ತಿತ್ತು. ಮಗುವಿನ ಕೆನ್ನೆಗೆ ಬಣ್ಣ ಬರುವುದನ್ನು ನೋಡುತ್ತ ಅವಳು ಕೇಳಿದಳು.

“ನಾನೇನಾರ ತಪ್ಪು ಮಾಡಿದ್ನಾ ಅಕ್ಕ? ತಿನ್ಬಾರದ್ದು ತಿಂದ್ನಾ? ಗ್ರಹಣದಲ್ಲಿ ಆಚ್ಗೆ ಬಂದಿದ್ದೆ ಅಂತ ಅಜ್ಜಿ ಅಂತದೆ.”

“ಅದನ್ನ ನೀನೇ ಹೇಳಬೇಕು,” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಆದರೆ ನನ್ನ ದನಿ ಅರ್ಥವಾಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಹೋಗುವಾಗ, “ಯಾಕೋ ನೀವು ಮದ್ಲಂಗೆ ನನ್ ಕೂಟೆ ಮಾತಾಡ್ತಿಲ್ಲ ಅಕ್ಕ,” ಎಂದಷ್ಟೇ ಹೇಳಿದಳು.

ಆ ಮಾತು ಮೂರು ದಿನ ನನ್ನ ಹಿಂದೆಯೇ ಸುತ್ತಿತು. ಕೊನೆಗೆ ಗಂಡನ ರಕ್ತವನ್ನು ಮತ್ತೊಮ್ಮೆ ತೆಗೆಯುವುದೆಂದು ನಿರ್ಧರಿಸಿದೆ. ಆ ಹುಡುಗಿಯನ್ನು ಕಾಪಾಡಲು ಹೊರಟೆನೆಂದು ಬರೆದರೆ ಸುಳ್ಳಾಗುತ್ತದೆ. ನನ್ನ ಕೈ ಸರಿಯಿದೆಯೆಂದು ನನಗೆ ಒಮ್ಮೆ ಗಟ್ಟಿಯಾಗಬೇಕಿತ್ತು. ಡಾಕ್ಟರಮ್ಮನಿಗೆ ಹೇಳಿದೆ. ಅವರು ಬೇಡವೆಂದರು. “ಮತ್ತೆ ನಾರ್ಮಲ್ ಬಂದ್ರೆ ಏನ್ ಮಾಡ್ತೀಯಾ?” ಎಂದರು. “ಬರದೇ ಇದ್ರೆ ಮೇಡಮ್?” ಎಂದೆ. ಅವರು ಫೈಲು ಮುಚ್ಚಿ, “ಕರೆಸು,” ಎಂದರು. ಮಗುವಿನ ಫೈಲಿಗೆ ತಂದೆಯ ರಕ್ತ ಇನ್ನೊಮ್ಮೆ ಬೇಕು ಎಂದು ಹೇಳಿ ಕಳಿಸಿದೆವು.

ಮೂರನೆಯ ಸಲ ಇಬ್ಬರೂ ಬಂದರು. ಹೆಂಡತಿ ಮಗುವಿನೊಂದಿಗೆ ವಾರ್ಡಿನಲ್ಲಿ ಉಳಿದಳು. ಗಂಡ ನನ್ನ ಕೋಣೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. ಮುಖ ನನಗೆ ಗುರುತು ಸಿಗಲಿಲ್ಲ, ಅದು ಹೊಸತೇನಲ್ಲ. ಅಂಗಿಯ ತೋಳು ಮಡಚಿ ಎಡಗೈ ಚಾಚಿದ. ರಬ್ಬರ್ ಪಟ್ಟಿ ಕಟ್ಟಿದೆ. ನರ ಎದ್ದು ನಿಂತಿತು. ನೀಟಾಗಿ, ದಪ್ಪನಾಗಿ, ಹಗ್ಗದ ಹಾಗೆ. ಸೂಜಿ ಕೈಗೆತ್ತಿಕೊಂಡವಳು ಹಾಗೆಯೇ ನಿಂತೆ. ಇಷ್ಟು ಒಳ್ಳೆಯ ನರ ನನಗೆ ಮರೆತುಹೋಗುವುದು ಸಾಧ್ಯವೇ ಇರಲಿಲ್ಲ.

ಪಟ್ಟಿ ಬಿಚ್ಚಿದೆ. ಬೀರುವಿನಿಂದ ಹಳೆಯ ರಿಜಿಸ್ಟರು ತೆಗೆದು ಪುಟ ಹುಡುಕಿದೆ. ನನ್ನದೇ ಅಕ್ಷರ. ಎಡಗೈ ಒಳಗೆ ಸುಟ್ಟ ಕಲೆ, ಬಲಗೈ. ಮತ್ತೆ ಬಂದು ಅವನ ಎಡಗೈ ಹಿಡಿದು ಬೆಳಕಿಗೆ ತಿರುಗಿಸಿದೆ. ಒಂದು ತರಚು ಗಾಯವೂ ಇರಲಿಲ್ಲ.

“ಹೋದ ಸಲ ರಕ್ತ ಕೊಟ್ಟೋರು ನೀವಲ್ಲ,” ಎಂದೆ.

ಅವನು ನೆಲ ನೋಡಿದ. ನಾನು ರಿಜಿಸ್ಟರನ್ನು ಅವನ ಮುಂದಿಟ್ಟೆ. ಆಮೇಲೆ ಬಾಯಿ ಬಿಟ್ಟ.

“ಅವತ್ತು ಗಾಡಿ ಕುಂತೂರು ಸಕ್ರೆ ಪ್ಯಾಕ್ಟ್ರಿ ಯಾರ್ಡಲ್ಲಿ ನಿಂತಿತ್ತು ಮೇಡಮ್ಮೋರೆ. ಎಲ್ಡ್ ದಿಸ ಕಾದು ಸರದಿ ಅತ್ರ ಬಂದಿತ್ತು. ಬುಟ್ಟು ಬಂದ್ರೆ ಸರದಿ ಓಯ್ತದೆ, ಕಬ್ಬು ಒಣಗೋಯ್ತದೆ. ಸೂಜಿ ಅಂದ್ರೂ ನಂಗೆ ಒಂದೀಟು ಭಯ. ತಮ್ಮನ್ನ ಕಳುಸ್ದೆ. ಒಂದೇ ರಕ್ತ ಅಲ್ವಾ ಅಂದ್ಕಂಡೆ. ಒಂದೇ ಒಟ್ಟೇಲಿ ಉಟ್ದೋರು, ಇಬ್ರುದೂ ಒಂದೇ ಗ್ರೂಪು ಬೇರೆ. ಯಾರ್ ಕೊಟ್ರೇನು ಅಂತ.”

“ಮಗು ಹೀಗಾದ ಮೇಲೂ ಯಾಕೆ ಹೇಳಲಿಲ್ಲ?”

“ಅದ್ಕೂ ಇದ್ಕೂ ಸಂಬಂದ ಅದೆ ಅಂತ ನಂಗ್ ಯಾರ್ ಯೋಳುದ್ರು?”

ಯಾರೂ ಹೇಳಿರಲಿಲ್ಲ. ನಿಜ. ಮನೆ ಒಡೆಯಬಾರದೆಂದು ನಾವು ಬಾಯಿ ಮುಚ್ಚಿಕೊಂಡಿದ್ದೆವು. ಅವನು ಬಾಯಿ ಬಿಟ್ಟರೆ ಮುಗಿಯುತ್ತಿದ್ದ ವಿಷಯವನ್ನು ನಾವು ಅವನಿಂದಲೇ ಬಚ್ಚಿಟ್ಟಿದ್ದೆವು. ಸಿಟ್ಟಿನಲ್ಲಿ ಅವನ ಮೇಲೆ ಕೂಗಾಡಿದೆ. ರಕ್ತದ ಗುಂಪು ಬೇರೆ, ಜೀನು ಬೇರೆ, ತಮ್ಮನಿಗೆ ಬಾರದ್ದು ಅಣ್ಣನಿಗೆ ಬಂದಿರಬಹುದು, ನಿನ್ನ ರಕ್ತ ಅವತ್ತು ಸಿಕ್ಕಿದ್ದರೆ ಬೆಂಗಳೂರಿಗೆ ಕಳಿಸುತ್ತಿದ್ದೆವು ಎಂದೆಲ್ಲ ಕಿರುಚಿದೆ. ಹಾಗೆ ಕಿರುಚುವಾಗಲೇ ನನಗೆ ಗೊತ್ತಿತ್ತು, ಅರ್ಧ ಬೈಗುಳ ನನಗೆ ಸೇರಬೇಕಾದದ್ದು. ‘ಇವರೇ ತಾನೆ’ ಎಂದು ಕೇಳಿದವಳು ನಾನು.

ತಿರುಗಿ ನೋಡಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು. ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಗಂಡ ಎದ್ದು, “ಲೇ, ನಂಗೊತ್ತಿರ್ನಿಲ್ಲ ಕಣೇ,” ಎಂದ. ಅವಳು ಅವನನ್ನು ನೋಡಲೇ ಇಲ್ಲ. ನನ್ನನ್ನೇ ನೋಡಿದಳು.

“ಅದ್ಕಾ ಅಕ್ಕ, ನೀವು ಅವತ್ತು ಅಂಗಂದಿದ್ದು?”

ನಾನು ರಿಜಿಸ್ಟರು ಮುಚ್ಚಿದೆ. ಅವಳು ಬಂದು ಕುರ್ಚಿಯಲ್ಲಿ ಕೂತು, ಮಗುವಿನ ಕೈಯನ್ನು ಮೆಲ್ಲಗೆ ಬಿಡಿಸಿ ನನ್ನ ಮುಂದೆ ಚಾಚಿದಳು. ರಕ್ತ ಏರಿಸುವ ಮುಂಚೆ ಮಾದರಿ ತೆಗೆಯಬೇಕಿತ್ತಲ್ಲ, ಅದಕ್ಕೆ. ಎರಡು ನಿಮಿಷ ಕೈ ತೊಳೆದುಕೊಂಡು ಬಂದು ತೆಗೆದೆ. ಆಮೇಲೆ ಗಂಡನದನ್ನೂ ತೆಗೆದೆ.

ಗಂಡನ ವರದಿ ಬಂತು. ಅವನು ವಾಹಕ. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು, ಎರಡು ಕಡೆಯವರ ಮುಂದೆಯೂ ಈ ವರದಿಯನ್ನು ಓದಿ ಹೇಳಿ ಎಂದು ಬರೆದುಕೊಟ್ಟರು. ಇದು ತನ್ನ ತಪ್ಪಲ್ಲವೆಂದು ಮನೆಯವರಿಗೆ ತಿಳಿಯಲಿ ಎಂದು ಅವಳು ಅಷ್ಟು ಮಾತ್ರ ಕೇಳಿದ್ದಳು. ಇನ್ನೊಂದು ದಿನ ಮಗುವಿಗೆ ಹನಿ ಇಳಿಯುತ್ತಿರುವಾಗ ತಾನಾಗಿಯೇ ಹೇಳಿದಳು. “ಒಟ್ಟೇಲಿದ್ದಾಗ್ಲೇ ಗೊತ್ತಾಗಿದ್ರೆ ನಾನೇನ್ ಮಾಡ್ತಿದ್ನೋ ನಂಗೊತ್ತಿಲ್ಲ ಅಕ್ಕ. ಇವ್ಳ್ ಮೊಕ ನೋಡುದ್ರೆ ಏನೂ ಯೋಳಾಕ್ ಆಗಲ್ಲ. ಆದ್ರೆ ನನ್ನ ಒಂದ್ಮಾತು ಕೇಳ್ಬೌದಿತ್ತಲ್ಲ. ನನ್ನ ಯಾರೂ ಕೇಳ್ನಿಲ್ಲ.”

ಮಗು ನಮ್ಮದೇ ಆಯಿತು. ಮೂರು ವಾರಕ್ಕೊಮ್ಮೆ, ಕೆಲವು ಸಲ ನಾಲ್ಕಕ್ಕೊಮ್ಮೆ ಬರುತ್ತಿತ್ತು. ಬರುವಾಗ ಸೊರಗಿ, ಹೋಗುವಾಗ ಕಾಲು ಒದೆಯುತ್ತ. ರಕ್ತ ಮೈಸೂರಿನ ರಕ್ತನಿಧಿಯಿಂದ ಬರಬೇಕಿತ್ತು. ಚಿಕ್ಕಮಾವ ಮೂರು ತಿಂಗಳಿಗೊಮ್ಮೆ ತಪ್ಪದೆ ಹೋಗಿ ಅಲ್ಲಿ ರಕ್ತ ಕೊಡುತ್ತಿದ್ದ. ಒಂದು ಸಲ ಎರಡೇ ತಿಂಗಳಿಗೆ ನನ್ನ ಬಳಿ ಬಂದು, ಅಲ್ಲಿ ಬೇಡವೆಂದರು, ನೀವೇ ಹೇಳಿ ತೆಗೆಸಿ ಎಂದು ಹಟ ಹಿಡಿದ. ನೀನು ಕೊಟ್ಟದ್ದು ಈ ಮಗುವಿಗೇ ಬರುವುದಿಲ್ಲ, ಯಾರಿಗೋ ಹೋಗುತ್ತದೆ ಎಂದೆ.

“ಯಾರ್ಗಾರ ಓಗ್ಲಿ ಅಕ್ಕ. ಅವತ್ತು ಕೊಡಬಾರ್ದಂಗೆ ಕೊಟ್ಟೆ. ಈಗ್ಲಾದ್ರೂ ಸರ್ಯಾಗಿ ಕೊಡ್ತೀನಿ,” ಎಂದು ಆ ಸುಟ್ಟ ಕೈಯನ್ನೇ ಮುಂದೆ ಚಾಚಿದ. ಗದರಿಸಿ ಕಳಿಸಿದೆ. ಬಾಗಿಲು ಹಾಕಿಕೊಂಡು ಅತ್ತೆ.

ಮಗುವಿಗೆ ಮಾತು ಬಂತು. ನನ್ನನ್ನು ‘ಚೂಜಿ’ ಎಂದು ಕರೆಯುತ್ತಿತ್ತು. ಬೇರೆಯವರು ಹತ್ತಿರ ಬಂದರೆ ಊರು ಒಂದಾಗುವ ಹಾಗೆ ಅಳುತ್ತಿದ್ದವಳು ನನ್ನ ಮುಂದೆ ತಾನೇ ಕೈ ಚಾಚಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, “ಆಯ್ತಾ? ಆಯ್ತಾ?” ಎಂದು ಕೇಳುತ್ತಿದ್ದಳು. ಸೂಜಿ ಹಾಕಿ, ತೆಗೆದು, ಹತ್ತಿ ಒತ್ತಿದ ಮೇಲೂ ಕಣ್ಣು ಬಿಡುತ್ತಿರಲಿಲ್ಲ. ಆಯ್ತು ಎಂದು ನಾನು ಹೇಳಬೇಕಿತ್ತು. ಅಷ್ಟು ನಂಬಿಕೆ.

ಎರಡು ವರ್ಷ ಎರಡು ತಿಂಗಳಿಗೆ ಜ್ವರ ಬಂತು. ಎದೆಗೆ ಕಫ ಕಟ್ಟಿತು. ಜ್ವರದಲ್ಲಿ ಕಣಗಳು ಇನ್ನೂ ಬೇಗ ಒಡೆದುಹೋಗುತ್ತವೆ. ಮಧ್ಯಾಹ್ನ ನಮ್ಮಲ್ಲಿಗೆ ತಂದಾಗ ಮೈ ಕಾಗದದ ಹಾಗೆ ಬಿಳಿಚಿತ್ತು, ಹೃದಯ ಸೋಲುತ್ತಿತ್ತು. ಮೈಸೂರಿಗೆ ಕಳಿಸುವ ಮುಂಚೆ ನಾನೇ ಮಾದರಿ ತೆಗೆದೆ. ಕಣ್ಣು ಮುಚ್ಚಿಕೊಂಡಿದ್ದಳು. “ಆಯ್ತು ಪುಟ್ಟಿ,” ಎಂದೆ. ಕಣ್ಣು ಬಿಡಲಿಲ್ಲ. ಆಂಬುಲೆನ್ಸ್ ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಮಗು ತೀರಿಕೊಂಡಿತೆಂದು ಫೋನು ಬಂತು. ನನ್ನ ಯಂತ್ರ ಆಗಿನ್ನೂ ಆ ಮಗುವಿನ ರಕ್ತದ ಚೀಟಿಯನ್ನು ಹೊರಗೆ ಹಾಕುತ್ತಿತ್ತು.

ಅದಾದ ಮೇಲೆ ಆ ಮನೆಯವರು ಯಾರೂ ಈ ಕಡೆ ಬರಲಿ ಎಂದು ನಾನು ಎದುರು ನೋಡಲಿಲ್ಲ. ನಿಜ ಹೇಳಬೇಕೆಂದರೆ, ಬಾರದಿರಲಿ ಎಂದುಕೊಂಡಿದ್ದೆ. ಹೆಸರನ್ನು ಅವರ ಬಾಯಿಂದಲೇ ಹೇಳಿಸುವುದು, ಗಂಡನ ರಕ್ತ ತೆಗೆಯುವಾಗ ಹೆಂಡತಿ ಪಕ್ಕದಲ್ಲಿರಬೇಕು ಎನ್ನುವುದು, ಇವನ್ನು ಮಾತ್ರ ಹಟ ಹಿಡಿದು ಮಾಡುತ್ತಿದ್ದೆ. ಕೆಲವರು ರೇಗಿದರು. “ಏನ್ ಮೇಡಮ್ಮೋರೆ, ಪೋಲೀಸ್ನೋರ್ ಕೇಳ್ದಂಗೆ ಕೇಳ್ತೀರಿ?” ಎಂದು ಹನೂರಿನ ಮುದುಕರೊಬ್ಬರು ಹಂಗಿಸಿದರು. ಹಂಗಿಸಲಿ.

ಎಂಟು ತಿಂಗಳಾದ ಮೇಲೆ ಅವಳು ಬಂದಳು. ಜೊತೆಗೆ ಹತ್ತೊಂಬತ್ತರ ತಂಗಿ, ಹಿಂದೆ ತಲೆ ತಗ್ಗಿಸಿಕೊಂಡು ಚಿಕ್ಕಮಾವ. ತಂಗಿಯನ್ನು ಚಿಕ್ಕಮಾವನಿಗೇ ತಂದುಕೊಳ್ಳಬೇಕೆಂದು ಮನೆಯಲ್ಲಿ ಅಜ್ಜಿ ಮಾತು ಎತ್ತಿದ್ದಳಂತೆ. ಅಕ್ಕತಂಗಿಯರು ಒಂದೇ ಮನೆಗೆ ಸೇರುತ್ತಾರೆ, ನೆಂಟಸ್ತಿಕೆ ಉಳಿಯುತ್ತದೆ ಎಂದು. ರಕ್ತ ನೋಡದೆ ವೀಳ್ಯ ಬದಲಾಯಿಸುವ ಹಾಗಿಲ್ಲವೆಂದು ಇವಳು ಅಡ್ಡ ಕೂತಿದ್ದಳು. ಮೊದಲು ಯಾರ ಮುಂದೆಯೂ ದನಿಯೆತ್ತದಿದ್ದ ಹುಡುಗಿ.

ಚಿಕ್ಕಮಾವ ಕುರ್ಚಿಯಲ್ಲಿ ಕೂತ. ನಾನು ಹೆಸರು ಕೇಳುವ ಮೊದಲೇ ಅವಳು ಅವನ ಅಂಗಿಯ ಎಡತೋಳನ್ನು ಮೇಲಕ್ಕೆ ಸರಿಸಿ, ಆ ಕಲೆಯನ್ನು ನನಗೆ ತೋರಿಸಿದಳು.

“ಇದೇ ಕೈ ಅಲ್ವಾ ಅಕ್ಕ? ಸರ್ಯಾಗಿ ನೋಡ್ಕಳಿ.”

ಹೌದೆಂದೆ. ಇವನ ರಕ್ತದ ವರದಿ ನಮ್ಮಲ್ಲಿ ಆಗಲೇ ಇತ್ತು, ಅಣ್ಣನ ಹೆಸರಿನಲ್ಲಿ. ಆ ಮಗುವನ್ನು ಕೊಂದ ವರದಿಯೇ ಈ ಮದುವೆಗೆ ಅಡ್ಡಿಯಿಲ್ಲವೆಂದು ಹೇಳುತ್ತಿತ್ತು. ಆದರೂ ಹೊಸದಾಗಿ ತೆಗೆದೆ, ಅವನ ಬಾಯಿಂದ ಅವನ ಹೆಸರು ಹೇಳಿಸಿದೆ, ಅವಳ ಕಣ್ಣ ಮುಂದೆಯೇ ಟ್ಯೂಬಿನ ಮೇಲೆ ಬರೆದೆ. ಬಲಗೈ, ಎಂದು ರಿಜಿಸ್ಟರಿನಲ್ಲಿ ಗುರುತು ಹಾಕಿದೆ. ಅವನು ಎದ್ದು ಹೊರಗೆ ಹೋದ.

ಎಂಟು ತಿಂಗಳು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಚೆದುರಿಹೋದವು. “ಅವತ್ತು ನಾನು ನಿನ್ನ ಮೇಲೆ ಅನುಮಾನ ಪಟ್ಟೆ. ತಪ್ಪಾಯಿತು ಕಣಮ್ಮ,” ಎಂದಷ್ಟೇ ಹೇಳಿದೆ.

ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಮೇಜಿನ ಮೇಲಿದ್ದ ಹತ್ತಿಯ ಡಬ್ಬಿಯ ಮುಚ್ಚಳವನ್ನು ಮುಚ್ಚಿದಳು, ತೆಗೆದಳು.

“ಪುಟ್ಟಿಗೆ ನೋವಾಗ್ದಂಗೆ ಸೂಜಿ ಚುಚ್ತಿದ್ದೋರು ನೀವೊಬ್ರೇ ಅಕ್ಕ. ಅದ್ನೂ ಮರಿಯಲ್ಲ ನಾನು. ನೀವಾಡಿದ್ ಮಾತ್ನೂ ಮರಿಯಲ್ಲ.”

ಆಮೇಲೆ ತಂಗಿಯ ಬೆನ್ನ ಮೇಲೆ ಕೈಯಿಟ್ಟು, “ಇವ್ಳುದು ತಕಳಿ. ಬಸ್ಸಿಗೆ ಒತ್ತಾಯ್ತದೆ,” ಎಂದಳು.

ತಂಗಿ ಕೂತು ತನ್ನ ಹೆಸರು ಹೇಳಿದಳು. ತೋಳು ಮಡಚಿ ಕೈ ಚಾಚಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ನಾನು ಪಟ್ಟಿ ಕಟ್ಟಿ ಬೆರಳಿನಿಂದ ತಡವಿದೆ. ತೆಳುವಾದ, ಜಾರುವ ನರ. ಒತ್ತಿ ಹಿಡಿದು ಸೂಜಿ ಹಾಕಿದೆ.

“ಆಯ್ತಾ?” ಎಂದಳು.